ಸಹಾಯ ಬೇಕು: ಅಪಾರ್ಟ್‌ಮೆಂಟಿನಲ್ಲಿ ಕಾರ್ ಚಾರ್ಜರ್‌ಗಳಿಗೆ ಒಪ್ಪಿಗೆ ಕೊಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಾರವಾರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಕ್ ಕಾರು ಕೊಂಡವರು ಪಾರ್ಕಿಂಗ್ ಜಾಗದಲ್ಲಿ ಚಾರ್ಜರ್ ಹಾಕಿಸಲು ಒಬ್ಬರ ಹಿಂದೊಬ್ಬರು ಅರ್ಜಿ ಕೊಡುತ್ತಿದ್ದು, ಯಾವ ನಿಯಮದಡಿ ಒಪ್ಪಿಗೆ ನೀಡಬೇಕೆಂಬುದು ಸಂಘದ ಕಾರ್ಯದರ್ಶಿಯಾದ ನನಗೆ ಬಗೆಹರಿದಿಲ್ಲ. 15 ಆಂಪಿಯರ್ ಸಾಕೆಟ್ಟಿನಲ್ಲಿ, ಸುಮಾರು 3.3 ಕಿಲೋವ್ಯಾಟ್‌ನಂತೆ ರಾತ್ರಿಯಿಡೀ ಚಾರ್ಜ್ ಮಾಡುವವರದು ದೊಡ್ಡ ಚಿಂತೆಯಲ್ಲ, ಆದರೆ 7.2 ಕಿಲೋವ್ಯಾಟ್‌ನ ನಾಲ್ಕೈದು ಚಾರ್ಜರುಗಳು ಒಟ್ಟಿಗೆ ನಡೆದರೆ ಕಟ್ಟಡಕ್ಕೆ ಹೆಸ್ಕಾಂ ಮಂಜೂರು ಮಾಡಿರುವ ಲೋಡ್ ಮೀರಬಹುದು. ಲೋಡ್ ಹೆಚ್ಚಿಸುವ ಖರ್ಚನ್ನು ಅರ್ಜಿದಾರರೇ ಹೊರಬೇಕೇ, ಎಲ್ಲರೂ ಹಂಚಿಕೊಳ್ಳಬೇಕೇ? ಕಾರಿಲ್ಲದ ಹಿರಿಯರು ಹಂಚಿಕೆಗೆ ಒಪ್ಪುತ್ತಿಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇದೆ. ಕಡಲಿನ ಉಪ್ಪುಗಾಳಿಗೆ ಮೀಟರ್ ಬೋರ್ಡಿನ ಸ್ಕ್ರೂಗಳೇ ತುಕ್ಕು ಹಿಡಿದಿರುವಾಗ, ಪ್ರತ್ಯೇಕ ಅರ್ಥಿಂಗ್ ಮತ್ತು ಆರ್‌ಸಿಸಿಬಿ (ವಿದ್ಯುತ್ ಸೋರಿಕೆಯಾದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದೆ ಯಾರಿಗೂ ಸಹಿ ಹಾಕಿಕೊಡಲು ನನಗಂತೂ ಮನಸ್ಸಿಲ್ಲ. ಕುಮಟಾ, ಶಿರಸಿ ಕಡೆಯ ಸಂಘಗಳಲ್ಲಿ ಇದಕ್ಕೆ ಠರಾವು ಅಥವಾ ಅರ್ಜಿ ನಮೂನೆ ಸಿದ್ಧವಿದ್ದರೆ ದಯವಿಟ್ಟು ಇಲ್ಲಿ ಹಾಕಿ.