ಇಳಿಸಿದ ಪೋಲೋ: ಲಿಪ್ ಕಿತ್ತು ಬಂಪರ್ ಸೀಳಿದೆ, ರಿಪೇರಿ ಸಾಕಾ, ಹೊಸದೇ ಬೇಕಾ?

ಪ್ರಶ್ನೆ: ಕಾರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. ಕಾಯಿಲ್‌ಓವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿ 40 ಮಿ.ಮೀ. ಇಳಿಸಿದೆ, ಮುಂದಿನ ಬಂಪರ್ ಅಡಿಗೆ ಫೈಬರ್ ಲಿಪ್ (ಅಂಚುಪಟ್ಟಿ). ಲಿಪ್‌ನಿಂದ ನೆಲಕ್ಕೆ 100 ಮಿ.ಮೀ. ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ ಉಜ್ಜಿ ಉಜ್ಜಿ ಎಡಮೂಲೆ ಕಿತ್ತುಬಂತು. ಸ್ಕ್ರೂ ತೂತಿನಿಂದ ಬಂಪರ್ ಸುಮಾರು 12 ಸೆಂ.ಮೀ. ಸೀಳಿದೆ, ಅಡಿಯ ಶೀಲ್ಡ್ ಜೋತಾಡ್ತಿದೆ. ಎಂ-ಸೀಲ್ ಮೆತ್ತಿ ಪೇಂಟ್ ಹೊಡೆಸಿದರೆ ನಿಲ್ಲುತ್ತಾ ಸರ್?

ಉತ್ತರ (ಬಾಡಿ ಶಾಪ್): ನಿಲ್ಲಲ್ಲ. ಬಂಪರ್ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಎಂ-ಸೀಲ್‌ನಂಥ ಎಪಾಕ್ಸಿ ಅದಕ್ಕೆ ಸರಿಯಾಗಿ ಹಿಡಿಯೋದೇ ಇಲ್ಲ. ಅಲುಗಾಡಿದ ಕೂಡಲೇ ಚಕ್ಕೆ ಏಳುತ್ತೆ. ಬಂಪರ್ ಒಳಮೈಯಲ್ಲಿ ಪ್ಲಾಸ್ಟಿಕ್ ಜಾತಿಯ ಗುರುತು ಅಚ್ಚಾಗಿರುತ್ತೆ, ಅದನ್ನು ನೋಡಿ ಅದೇ ಜಾತಿಯ ರಾಡ್‌ನಲ್ಲಿ ವೆಲ್ಡ್ ಮಾಡಿಸಿ.

ಅದಕ್ಕೂ ಮೊದಲು ಅಡಿ ನೋಡಿ. ಇಳಿಸಿದ ಕಾರಿಗೆ ಜಾಕ್ ನುಗ್ಗಲ್ಲ. ಚಕ್ರವನ್ನು 50 ಮಿ.ಮೀ. ಹಲಗೆ ಮೇಲೆ ಹತ್ತಿಸಿ, ಆಮೇಲೆ ಜಾಕ್ ಹಾಕಿ ಸ್ಟ್ಯಾಂಡ್ ಕೊಡಿ. ಆಯಿಲ್ ಚೇಂಬರ್, ಎಸಿ ಕಂಡೆನ್ಸರ್‌ನ ಕೆಳತುದಿ, ಫಾಗ್ ಲ್ಯಾಂಪ್ ವೈರ್ ನೋಡಿ. ಬಣ್ಣವಿಲ್ಲದ ನೀರಷ್ಟೇ ತೊಟ್ಟಿಕ್ಕಿದರೆ ಎಸಿ ನೀರು. ಗುಲಾಬಿ ಬಣ್ಣದ್ದಾದರೆ ಕೂಲೆಂಟ್. ಎಣ್ಣೆ ಜಿನುಗುತ್ತಿದ್ದರೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಬಂಪರ್ ಬಿಚ್ಚಿದ ಮೇಲೆ ಸೀಳಿನ ತುದಿಗೆ 3 ಮಿ.ಮೀ. ತೂತು ಹೊಡೆಯಬೇಕು, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತೆ. ಹಿಂಬದಿಯಿಂದ ಅರ್ಧ ದಪ್ಪಕ್ಕೆ 'ವಿ' ಆಕಾರದ ಗೀರು ಕೊರೆದು, ಸ್ಟೀಲ್ ಜಾಲರಿ ಹೂತು ವೆಲ್ಡ್. ಮುಂಬದಿಗೂ ಹಾಗೇ, ಜಾಲರಿ ಬೇಡ. 80, 180, 320 ಪೇಪರ್ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್, ಬಾಗುವ ಪುಟ್ಟಿ, ಪೇಂಟ್. ಪ್ಲಾಸ್ಟಿಕ್ ಪ್ರೈಮರ್ ಬಿಟ್ಟರೆ ಪೇಂಟ್ ಹಾಳೆ ಹಾಳೆಯಾಗಿ ಏಳುತ್ತೆ. ಬಂಪರನ್ನು ಬಾಡಿಗೆ ಸಿಕ್ಕಿಸುವ ಕಿವಿಗಳೇ ಮುರಿದಿದ್ದರೆ ಮಾತ್ರ ಹೊಸದು ತಗೊಳ್ಳಿ.

ಪ್ರಶ್ನೆ: ಲಿಪ್ ಮತ್ತೆ ಅದನ್ನೇ ಹಾಕ್ಲಾ?

ಉತ್ತರ: ಬೇಡ ಗುರು, ಸೀಳಿಸಿದ್ದೇ ಅದು. ಫೈಬರ್ ಬಾಗಲ್ಲ, ಏಟೆಲ್ಲ ಸ್ಕ್ರೂ ತೂತಿಗೇ ಬೀಳುತ್ತೆ. ಪಾಲಿಯುರೆಥೇನ್ ಲಿಪ್ ಹಾಕಿ, ಎಂ-5 (5 ಮಿ.ಮೀ.) ನೈಲಾನ್ ಬೋಲ್ಟ್‌ನಲ್ಲಿ ಕೂರಿಸಿ. ಬಡಿದರೆ ಬೋಲ್ಟ್ ಮುರೀಲಿ, ಬಂಪರ್ ಉಳೀಲಿ. ಇನ್ನೊಂದು ಮಾತು: ಬಹಳ ಲಿಪ್‌ಗಳು ಕಿತ್ತುಹೋಗೋದು ರಿವರ್ಸ್‌ನಲ್ಲಿ. ಮುಂದೆ ಹೋಗುವಾಗ ಅಂಚು ಉಜ್ಜಿಕೊಂಡು ಜಾರುತ್ತೆ, ಹಿಂದೆ ಬರುವಾಗ ಸಿಕ್ಕಿಕೊಂಡು ಎಳೆಯುತ್ತೆ. ಸಿಮೆಂಟ್ ಸ್ಟಾಪರ್ ಇರೋ ಕಡೆ ಹಿಂಬದಿಯಿಂದ ಪಾರ್ಕ್ ಮಾಡಿ.

ಇನ್ನೊಬ್ಬರು (ಸಸ್ಪೆನ್ಶನ್ ಕೆಲಸದವರು): ಎತ್ತರದ ಲೆಕ್ಕಾನೂ ನೋಡಿ. ಟೈರ್ ನೆಲ ಮುಟ್ಟುವ ಜಾಗದಿಂದ ಲಿಪ್ ತುದಿ 750 ಮಿ.ಮೀ. ಮುಂದಿದ್ದರೆ, 100 ಮಿ.ಮೀ. ಎತ್ತರಕ್ಕೆ ಸುಮಾರು 7.5 ಡಿಗ್ರಿ ಏರಿನಲ್ಲೇ ತಾಗುತ್ತೆ. 20 ಮಿ.ಮೀ. ಎತ್ತಿದರೆ 9 ಡಿಗ್ರಿವರೆಗೆ ನಡೆಯುತ್ತೆ. ಚಕ್ರ ನೇತಾಡುವಾಗ ಕಾಯಿಲ್‌ಓವರ್‌ನ ಲಾಕ್ ರಿಂಗ್ ಸಡಿಲಿಸಿ ಎತ್ತರ ಹೆಚ್ಚಿಸಿ, ಕಾರನ್ನು ನೆಲಕ್ಕಿಳಿಸಿ, ಹಬ್ (ಚಕ್ರದ ಗುಂಬ) ನಡುವಿನಿಂದ ಫೆಂಡರ್ ಅಂಚಿಗೆ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 5 ಮಿ.ಮೀ. ಒಳಗಿರಲಿ. ಆಮೇಲೆ ಅಲೈನ್‌ಮೆಂಟ್ ಕಡ್ಡಾಯ, ಎತ್ತರದ ಜೊತೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತೆ. ಹೆಡ್‌ಲೈಟ್ ಕೋನವನ್ನೂ ಸರಿಮಾಡಿಸಿ.

ಪ್ರಶ್ನೆ: ಹಂಪ್‌ಗಳಿಗೆ?

ಉತ್ತರ: ಐಆರ್‌ಸಿಯ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 1988ರ ಮಾನದಂಡದಲ್ಲಿ ಹಂಪ್ 3.7 ಮೀ. ಉದ್ದ, 10 ಸೆಂ.ಮೀ. ಎತ್ತರ ಇತ್ತು. ನಮ್ಮ ಬೀದಿಗಳಲ್ಲಿ ಗುಡ್ಡೆ ಹಾಕಿರೋ ಡಾಂಬರಿಗೆ ಆ ಲೆಕ್ಕ ಇಲ್ಲ. ಹಂಪ್ ತನಕ ಬ್ರೇಕ್ ಒತ್ತಿಹಿಡೀಬೇಡಿ, ಮೂತಿ ಇನ್ನೂ ತಗ್ಗುತ್ತೆ. ಮೊದಲೇ ನಿಧಾನ ಮಾಡಿ, ಮುಟ್ಟುವ ಮುಂಚೆ ಬ್ರೇಕ್ ಬಿಡಿ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸಿ.