ತೀರ್ಥಹಳ್ಳಿ ಮನೆಯ ಕಾರ್ ಶೆಡ್ಡಿಗೆ ಎಪಾಕ್ಸಿ ಬಳಿಯುವ ವಿಚಾರ

ಗುಂಪು: ಹಳೆಮನೆ ಬಳಗ

ಚಿಕ್ಕಪ್ಪ (ಶಿವಮೊಗ್ಗ): ಮೇಲೆ ಹಾಕಿರುವ ವೀಡಿಯೊವನ್ನು ಎಲ್ಲರೂ ಕೊನೆಯವರೆಗೆ ನೋಡಬೇಕು. ಒಂದೇ ದಿನದಲ್ಲಿ ಗ್ಯಾರೇಜಿನ ನೆಲ ಕನ್ನಡಿಯಂತಾಗಿದೆ. ನಮ್ಮ ಕಾರ್ ಶೆಡ್ಡಿನ ಸಿಮೆಂಟ್ ನೆಲದಲ್ಲಿ ಕಾಲಿಟ್ಟಲ್ಲೆಲ್ಲ ಪುಡಿ ಏಳುತ್ತಿರುವುದರಿಂದ, ಚೌತಿಗೆ ನಾವೆಲ್ಲ ಸೇರುವುದರೊಳಗೆ ಅದಕ್ಕೂ ಎಪಾಕ್ಸಿ (ರೆಸಿನ್, ಹಾರ್ಡ್‌ನರ್ ಎಂಬ ಎರಡು ದ್ರವಗಳನ್ನು ಕಲಸಿ ಬಳಿದರೆ ಗಟ್ಟಿಯಾಗುವ ಲೇಪ) ಬಳಿಸುವುದೆಂದು ನಿರ್ಧರಿಸಿದ್ದೇನೆ. ಖರ್ಚನ್ನು ನಾಲ್ಕು ಮನೆಯವರೂ ಸಮನಾಗಿ ಹಂಚಿಕೊಳ್ಳೋಣ.

ದೊಡ್ಡಪ್ಪ (ತೀರ್ಥಹಳ್ಳಿ): ನಿರ್ಧಾರವಾದ ಮೇಲೆ ನಮ್ಮನ್ನು ಕೇಳುವುದೇನು ಬಂತು? ಮಳೆಯಲ್ಲಿ ನೆನೆದ ಚಪ್ಪಲಿಯಲ್ಲಿ ದಿನಕ್ಕೆ ನಾಲ್ಕು ಬಾರಿ ಆ ಶೆಡ್ಡಿಗೆ ಹೋಗುವವನು ನಾನು. ಕನ್ನಡಿಯ ಮೇಲೆ ನಡೆಯುವ ವಯಸ್ಸು ನನ್ನದಲ್ಲ.

ಚಿಕ್ಕಪ್ಪ: ಅಣ್ಣ, ಜಾರದಂತೆ ಮರಳು ಉದುರಿಸುವ ಕ್ರಮವೂ ಇದೆ. ನಾಲ್ಕು ಲೀಟರಿನ ಒಂದು ಸೆಟ್ ಸಾಕಂತೆ. ಆಸಿಡ್ ಹಾಕಿ ತೊಳೆದು, ಒಣಗಿಸಿ, ರೋಲರಿನಿಂದ ಬಳಿದರೆ ಮುಗಿಯಿತು.

ನಾನು: ಚಿಕ್ಕಪ್ಪ, ಎಪಾಕ್ಸಿಯ ಮೇಲೆ ನನಗೆ ಯಾವ ಮುನಿಸೂ ಇಲ್ಲ, ಪೀಣ್ಯದ ಕಾರ್ಖಾನೆಯಲ್ಲಿ ಹತ್ತು ವರ್ಷಗಳಿಂದ ಅದರ ಮೇಲೆಯೇ ಓಡಾಡುತ್ತಿದ್ದೇನೆ. ಆದರೆ ನಾಲ್ಕು ಲೀಟರಿನ ಲೆಕ್ಕವನ್ನು ಮೊದಲು ನೋಡೋಣ. ಒಂದು ಲೀಟರ್ ಬಣ್ಣವನ್ನು ಒಂದು ಚದರ ಮೀಟರಿಗೆ ಹರಡಿದರೆ ಒಂದು ಮಿಲಿಮೀಟರ್ ದಪ್ಪವಾಗುತ್ತದೆ. ನಮ್ಮ ಶೆಡ್ಡು 18 ಅಡಿಗೆ 20 ಅಡಿ, ಅಂದರೆ 360 ಚದರ ಅಡಿ, ಸುಮಾರು 33 ಚದರ ಮೀಟರ್. ನಾಲ್ಕು ಲೀಟರನ್ನು ಅಷ್ಟಕ್ಕೂ ಎಳೆದರೆ ಹಸಿಯಿರುವಾಗಲೇ 120 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಆಗುತ್ತದೆ, ಅದರಲ್ಲಿ ಅರ್ಧ ನೀರಾಗಿದ್ದರೆ ಒಣಗಿದ ಮೇಲೆ ಉಳಿಯುವುದು 60 ಮೈಕ್ರಾನ್, ತಲೆಗೂದಲಿನ ದಪ್ಪ. ಅದರ ಮೇಲೆ ಕಾರು ನಿಲ್ಲಬೇಕು.

ಅತ್ತಿಗೆ (ಡಲ್ಲಾಸ್): ಮಾವ, ನಾವು ಇಲ್ಲಿ ಅಂಥದ್ದೇ ಸೆಟ್ ತಂದು ಬಳಿದಿದ್ದೆವು. ಬೇಸಿಗೆಯಲ್ಲಿ ಹೆದ್ದಾರಿಯಿಂದ ಬಂದ ಕಾರಿನ ಟಯರ್ ಕಾದಿರುತ್ತದೆ. ಅದು ನಿಂತಲ್ಲೇ ತಣಿಯುತ್ತ ಕುಗ್ಗುವಾಗ ಕೆಳಗಿನ ಪದರವನ್ನು ಹಿಡಿದು ಎಳೆಯುತ್ತದೆ. ವರ್ಷ ತುಂಬುವುದರೊಳಗೆ ನಾಲ್ಕು ಚಕ್ರಗಳ ಜಾಗದಲ್ಲೂ ಹಪ್ಪಳದಂತೆ ಎದ್ದುಬಂತು. ಬಿಸಿಲು ಬೀಳುವ ಬಾಗಿಲ ಬಳಿ ಹಳದಿಗಟ್ಟಿದ್ದು ಬೇರೆ. ಕೊನೆಗೆ ಯಂತ್ರದಿಂದ ನೆಲವನ್ನು ಉಜ್ಜಿಸಿ, ದಪ್ಪನಾಗಿ ಎಪಾಕ್ಸಿ ಹಾಕಿಸಿ, ಮೇಲೆ ಬಿಸಿಲು ತಡೆಯುವ ಪಾಲಿಯೂರಿಥೇನ್ ಪದರ ಕೊಡಿಸಿದೆವು. ಅದು ಚೆನ್ನಾಗಿಯೇ ಇದೆ.

ಚಿಕ್ಕಪ್ಪ: ಹಾಗಾದರೆ ಎರಡು ಸೆಟ್ ತರಿಸೋಣ. ತೀರ್ಥಹಳ್ಳಿಯಲ್ಲಿ ಡಲ್ಲಾಸಿನ ಬಿಸಿಲೂ ಇಲ್ಲ, ಹೆದ್ದಾರಿಯ ಓಟವೂ ಇಲ್ಲ.

ನಾನು: ಬಿಸಿಲಿಲ್ಲ, ನಿಜ. ಅಲ್ಲಿರುವುದು ಮಳೆ, ನನ್ನ ಆತಂಕವೆಲ್ಲ ಅದರದ್ದೇ. ಆ ಶೆಡ್ಡಿನ ನೆಲ ಹಾಕುವಾಗ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿರಲಿಲ್ಲ. ಮಣ್ಣು ದಮ್ಮಸ್ಸು ಮಾಡಿ, ಜಲ್ಲಿ ಸುರಿದು, ಕಾಂಕ್ರೀಟ್ ಹಾಕಿದ್ದಷ್ಟೇ. ಮಣ್ಣಿನ ಪಸೆ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಗಾಳಿಗೆ ಆರಿಹೋಗುತ್ತಿರುವುದರಿಂದಲೇ ನೆಲ ನಿಮ್ಮ ಕಣ್ಣಿಗೆ ಒಣಗಿದಂತೆ ಕಾಣುತ್ತದೆ. ಎಪಾಕ್ಸಿ ಬಳಿದ ದಿನದಿಂದ ಆ ದಾರಿ ಮುಚ್ಚುತ್ತದೆ, ಪಸೆ ಪದರದ ಅಡಿಯಲ್ಲೇ ನಿಂತು ಗುಳ್ಳೆ ಎಬ್ಬಿಸುತ್ತದೆ. ಇನ್ನು ಆಸಿಡ್ಡು: ಅದನ್ನು ಹಾಕಿದ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯಲೇಬೇಕು. ಶ್ರಾವಣದ ತೀರ್ಥಹಳ್ಳಿಯಲ್ಲಿ ಆ ನೀರು ಆರುವುದು ಯಾವಾಗ? ಪುಡಿ ಏಳುವ ಮೇಲ್ಪದರವನ್ನು ಗ್ರೈಂಡಿಂಗ್ ಯಂತ್ರದಿಂದ ತೆಗೆಯದಿದ್ದರೆ ಎಪಾಕ್ಸಿ ಆ ಪುಡಿಗೇ ಅಂಟಿಕೊಂಡು, ಪುಡಿಯ ಜೊತೆಗೇ ಎದ್ದುಬರುತ್ತದೆ.

ಚಿಕ್ಕಪ್ಪ: ಎಲ್ಲದಕ್ಕೂ ಅಡ್ಡಿ ಹೇಳಿದರೆ ಕೆಲಸ ಆಗುವುದು ಹೇಗೆ? ನಮ್ಮ ಮೇಸ್ತ್ರಿಗೆ ಐದು ಸಾವಿರ ಮುಂಗಡವನ್ನೂ ಕೊಟ್ಟಿದ್ದೇನೆ. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರನ್ನು ಸ್ವಲ್ಪ ಹೆಚ್ಚು ಹಾಕುತ್ತಾನಂತೆ.

ನಾನು: ದಯವಿಟ್ಟು ಅದನ್ನು ಮಾತ್ರ ಮಾಡಿಸಬೇಡಿ. ಹಾರ್ಡ್‌ನರ್ ಎಂದರೆ ಹಾಲಿಗೆ ಹಾಕುವ ಹೆಪ್ಪಲ್ಲ. ರೆಸಿನ್ನಿನ ಜೊತೆ ಇಷ್ಟಕ್ಕೆ ಇಷ್ಟು ಎಂದು ಕೂಡಿಕೊಳ್ಳುವ ವಸ್ತು ಅದು. ಅಳತೆ ಮೀರಿದರೆ ಮಿಕ್ಕಿದ್ದು ಕೂಡಿಕೊಳ್ಳದೆ ನೆಲ ಜಿಗುಟಾಗಿಯೇ ಉಳಿಯುತ್ತದೆ. ಕಲಸಿದ್ದನ್ನು ಬಕೆಟ್ಟಿನಲ್ಲೇ ಇಟ್ಟು ಚಹಾ ಕುಡಿಯಲು ಹೋಗುವಂತೆಯೂ ಇಲ್ಲ. ನಮ್ಮಲ್ಲಿ ಒಮ್ಮೆ ಹೊಸ ಹುಡುಗನೊಬ್ಬ ಹಾಗೆ ಹೋಗಿ ಅರ್ಧ ಗಂಟೆಯಲ್ಲಿ ಮರಳಿದಾಗ ಮಿಶ್ರಣ ತನ್ನ ಕಾವಿಗೆ ತಾನೇ ಹೊಗೆಯಾಡುತ್ತಿತ್ತು, ಪ್ಲಾಸ್ಟಿಕ್ ಬಕೆಟ್ಟಿನ ತಳ ಮೆತ್ತಗಾಗಿ ಕುಸಿದಿತ್ತು. ಕಲಸಿದ ಕೂಡಲೇ ನೆಲಕ್ಕೆ ಸುರಿದು ಹರಡಬೇಕು.

ಜಗಳ ಬೇಡವೆಂದರೆ ಒಂದು ಪರೀಕ್ಷೆ ಮಾಡೋಣ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕು ಅಂಚುಗಳನ್ನೂ ಟೇಪಿನಿಂದ ಗಾಳಿಯಾಡದಂತೆ ಮುಚ್ಚಿ, ಒಂದು ದಿನ ಬಿಡಬೇಕು. ನೀರು ಹಾಳೆಯ ಮೇಲೆ ಕೂತಿದ್ದರೆ ಅದು ಗಾಳಿಯದ್ದು, ಅಡಿಯಲ್ಲಿದ್ದರೆ ನೆಲದ್ದು. ದೊಡ್ಡಪ್ಪ, ಮೂರು ಕಡೆ ಹಾಸಿ ನೋಡುತ್ತೀರಾ?

ದೊಡ್ಡಪ್ಪ: ಸಂಜೆಯೇ ಹಾಸಿದ್ದೇನೆ. ಪುಡಿಯ ಮೇಲೆ ಟೇಪು ನಿಲ್ಲದ ಕಾರಣ, ಅಂಚುಗಳನ್ನು ಗುಡಿಸಿ, ಒರಸಿ, ಮೇಲೆ ಅಡಿಕೆ ದಬ್ಬೆ ಹೇರಿದ್ದೇನೆ.

(ಮರುದಿನ ಸಂಜೆ)

ದೊಡ್ಡಪ್ಪ: ಮೂರು ಫೋಟೊ ಕಳಿಸಿದ್ದೇನೆ. ಬಾಗಿಲ ಬಳಿಯ ಹಾಳೆಯ ಅಡಿ ಒಣಗಿದೆ. ನಡುವಿನದರಲ್ಲಿ ನೆಲ ಸ್ವಲ್ಪ ಕಪ್ಪಾಗಿದೆ. ಹಿಂದಿನ ಗೋಡೆಯ ಬಳಿಯದ್ದರ ಅಡಿಯಲ್ಲಿ ಸಾಸಿವೆಯಂಥ ಹನಿಗಳು ಸಾಲುಗಟ್ಟಿವೆ, ಎತ್ತಿದಾಗ ಬೆರಳ ಮೇಲೆ ಇಳಿದವು.

ಚಿಕ್ಕಪ್ಪ: ಹಿಂದಿನ ಗೋಡೆಯ ಬಳಿ ಮಾತ್ರ ಅಷ್ಟೊಂದು ನೀರೇಕೆ?

ದೊಡ್ಡಪ್ಪ: ಮಾಡಿನ ಆ ಬದಿಗೆ ಮಳೆನೀರು ಹಿಡಿದು ಸಾಗಿಸುವ ದೋಣಿ ಇಲ್ಲ. ಸೂರಿನ ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತದೆ. ಹೋದ ವರ್ಷವೇ ಹೇಳಿದ್ದೆ, ಯಾರೂ ಕೇಳಲಿಲ್ಲ.

ನಾನು: ಹಾಗಿದ್ದರೆ ಮೊದಲು ದೋಣಿ ಕಟ್ಟಿಸಿ, ಗೋಡೆಯ ಹಿಂದೆ ಚರಂಡಿ ತೋಡಿಸೋಣ. ಫೆಬ್ರವರಿಯಲ್ಲಿ ಮತ್ತೆ ಹಾಳೆ ಹಾಸೋಣ. ಅಡಿ ಒಣಗಿದ್ದರೆ ಗ್ರೈಂಡಿಂಗ್, ಪ್ರೈಮರ್, ಮರಳು ಉದುರಿಸಿದ ದಪ್ಪ ಎಪಾಕ್ಸಿ. ಆಮೇಲೆ ಒಂದು ವಾರ ಕಾರು ಹೊರಗೇ ನಿಲ್ಲಬೇಕು. ಆಗಲೂ ಹನಿ ಕಂಡರೆ ಪಾರ್ಕಿಂಗ್ ಟೈಲ್ಸ್ ಹಾಕಿಸುವುದೇ ವಾಸಿ. ಅಲ್ಲಿ ಪಸೆಗೆ ಸಂದುಗಳ ದಾರಿಯಾದರೂ ಇರುತ್ತದೆ.

ಚಿಕ್ಕಪ್ಪ: ಆಗಲಿ. ಮೇಸ್ತ್ರಿಗೆ ಕೊಟ್ಟ ಐದು ಸಾವಿರವನ್ನು ದೋಣಿಯ ಕೆಲಸಕ್ಕೆ ತಿರುಗಿಸುತ್ತೇನೆ. ಆದರೆ ದೋಣಿಯ ಖರ್ಚೂ ನಾಲ್ಕು ಪಾಲು.

ದೊಡ್ಡಪ್ಪ: ಚರಂಡಿಯದ್ದನ್ನೂ ಸೇರಿಸಿಕೊ.