ಸಹಾಯ ಬೇಕು: ಅಪ್ಪನ ಸಿಪ್ಯಾಪ್ ಗ್ರಾಫ್ ಅರ್ಥವಾಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಇದೆ ಅಂತ ಗೊತ್ತಾಗಿ ಎರಡು ತಿಂಗಳಿಂದ ಆಟೋ ಸಿಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ, ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಮೆಷಿನ್) ಹಾಕಿಕೊಂಡು ಮಲಗುತ್ತಿದ್ದಾರೆ. ಪರೀಕ್ಷೆಯಲ್ಲಿ ಎಎಚ್‌ಐ 38 ಇತ್ತು. ಅಂದರೆ ಗಂಟೆಗೆ 38 ಸಲ ಉಸಿರು ನಿಲ್ಲುವುದು ಇಲ್ಲವೇ ಕಮ್ಮಿಯಾಗುವುದು. ಈಗ 9ರ ಆಸುಪಾಸು. 5ಕ್ಕಿಂತ ಕೆಳಗೆ ಬರಬೇಕು ಅಲ್ವಾ?

ಮೆಷಿನ್ ಕೊಟ್ಟವರು ಗಾಳಿಯ ಒತ್ತಡವನ್ನು ಕನಿಷ್ಠ 4, ಗರಿಷ್ಠ 20 ಅಂತ ಇಟ್ಟು ಹೋದರು, ಅಷ್ಟೇ. ನಾನೇ ಎಸ್‌ಡಿ ಕಾರ್ಡ್ ತೆಗೆದು ಮೆಷಿನ್ ದಾಖಲೆಯನ್ನು ಗ್ರಾಫ್ ಆಗಿ ತೋರಿಸುವ ಆಸ್ಕರ್ ಅನ್ನುವ ತಂತ್ರಾಂಶದಲ್ಲಿ ನೋಡಿದೆ. ಬೆಳಗಿನ ಜಾವ 3ರಿಂದ 5ರ ತನಕ ಉಸಿರು ನಿಂತದ್ದನ್ನು, ಕಮ್ಮಿಯಾದದ್ದನ್ನು ತೋರಿಸುವ ಗೆರೆಗಳು ಒತ್ತೊತ್ತಾಗಿವೆ. ಲೀಕ್ ಕೂಡ ಅದೇ ಹೊತ್ತಿಗೆ ಏರುತ್ತದೆ. ಮೊನ್ನೆ ಎದ್ದು ಹೋಗಿ ನೋಡಿದೆ. ಮಾಸ್ಕ್ ಮೂಗಿನ ಮೇಲೆ ಸರಿಯಾಗೇ ಇತ್ತು, ಆದರೆ ಬಾಯಿ ತೆರೆದು ತುಟಿ ಸಂದಿಯಿಂದ ಫುಸ್ ಫುಸ್ ಅಂತ ಗಾಳಿ ಹೋಗುತ್ತಿತ್ತು. ಬೆಳಿಗ್ಗೆ ನಾಲಿಗೆ ಒಣಗಿ ಮಾತೇ ಹೊರಡುವುದಿಲ್ಲ, ಪಾಪ.

ಅಲ್ಲಲ್ಲಿ ಸಿಎ (ಗಂಟಲು ತೆರೆದೇ ಇದ್ದರೂ ಉಸಿರು ನಿಲ್ಲುವುದು) ಅಂತಲೂ ತೋರಿಸುತ್ತಿದೆ. ಅದು ಗಂಟಲು ಮುಚ್ಚಿ ಆಗುವುದಲ್ಲ, ಒತ್ತಡ ಏರಿಸಿದರೆ ಕೆಲವರಿಗೆ ಜಾಸ್ತಿಯೂ ಆಗುತ್ತದಂತೆ. ಹಾಗಾಗಿ ಸುಮ್ನೆ ಸೆಟ್ಟಿಂಗ್ ಮುಟ್ಟಲು ಭಯ.

ಮೊದಲು ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್ ನೋಡಬೇಕಾ, ಇಲ್ಲ ಕನಿಷ್ಠ ಒತ್ತಡ 4 ತೀರಾ ಕಮ್ಮಿಯಾಯಿತಾ? ಗುರುವಾರ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಯಾವ ಗ್ರಾಫ್ ಪ್ರಿಂಟ್ ತೆಗೆದುಕೊಂಡು ಹೋಗಲಿ? ಮನೆಯಲ್ಲಿ ಇದನ್ನು ಬಳಸುತ್ತಿರುವವರು ದಯವಿಟ್ಟು ಹೇಳಿ.